ಹೆಪ್ಪುಗಟ್ಟದ ಮಾಸ್ಟ್ರು

ದರ್ಜಿ ಮಾಸ್ಟ್ರಿಗೆ ಇದ್ದ ಒಂದೇ ಒಂದು ಕೊರತೆಯೆಂದರೆ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಬೇರೆಯವರಾಗಿದ್ದರೆ ಇದನ್ನು ಕೊರತೆ ಎನ್ನುತ್ತಿರಲಿಲ್ಲ. ಆದರೆ ಮಾಸ್ಟ್ರಿಗೆ ಒಬ್ಬ ಭಾವ ಇದ್ದರು. ಹೆಂಡತಿಯ ಅಣ್ಣ. ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದ ಮಾರನೆಯ ದಿನವೇ ಪೂರ್ಣಾವಧಿ ರೋಗಿಯಾಗಿ ಕೆಲಸಕ್ಕೆ ಸೇರಿಕೊಂಡವರು. ಅವರಿಗೆ ಸಕ್ಕರೆ ಇತ್ತು, ಬಿಪಿ ಇತ್ತು, ಮೂತ್ರಪಿಂಡದಲ್ಲಿ ಕಲ್ಲಿತ್ತು. ಆ ಕಲ್ಲಿನ ಬಗ್ಗೆ ಮಾತಾಡುವಾಗ ಅವರ ಗತ್ತು ನೋಡಿದರೆ ಅದರಲ್ಲೇ ಎರಡಂತಸ್ತಿನ ಮನೆ ಕಟ್ಟಿಸಿದ್ದಾರೆ ಅನ್ನಿಸಬೇಕು. ನೆಂಟರಿಷ್ಟರ ಮನೆಯಲ್ಲಿ ದಿಂಬಿರುವ ಕುರ್ಚಿ ಅವರದೇ. ಅವರು ಮಾತ್ರೆ ನುಂಗುವ ಹೊತ್ತಿಗೆ ಮನೆಮಂದಿಯೆಲ್ಲ ಮಾತು ನಿಲ್ಲಿಸಿ ನೀರಿನ ಲೋಟದ ಕಡೆ ನೋಡುತ್ತಿದ್ದರು. ಮಾಸ್ಟ್ರೂ ಒಮ್ಮೆ ತಮಗೆ ನೆಗಡಿಯಾಗಿದೆ ಎಂದು ಹೇಳಿ ನೋಡಿದ್ದರು. ಅತ್ತೆ ಕೂಡಲೇ ಅವರನ್ನು ಎಬ್ಬಿಸಿ ದೂರ ಕೂರಿಸಿದರು, ಮಗನಿಗೆ ಅಂಟೀತೆಂದು.

ಅಂಗಡಿಯಲ್ಲಾದರೂ ಮಾಸ್ಟ್ರಿಗೆ ಮರ್ಯಾದೆ ಇತ್ತೇ ಎಂದರೆ, ಇತ್ತು ಎನ್ನಬಹುದು, ಗಿರಾಕಿ ಬಟ್ಟೆ ಹಾಕಿ ನೋಡುವ ತನಕ. ಒಬ್ಬರ ಸೊಂಟ ಇನ್ನೊಬ್ಬರ ಪ್ಯಾಂಟಿಗೆ ಹೋಗುವುದು ಆ ಅಂಗಡಿಯಲ್ಲಿ ಮಾಮೂಲು. ಹಾಗಾದಾಗ ಮಾಸ್ಟ್ರು ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಟ್ಟೆ ಸರಿಯಾಗಿಯೇ ಇದೆ, ನೀವೇ ಸ್ವಲ್ಪ ಬದಲಾಗಿದ್ದೀರಿ ಎಂದು ಎಷ್ಟು ಮರುಕದಿಂದ ಹೇಳುತ್ತಿದ್ದರೆಂದರೆ ಗಿರಾಕಿ ಪ್ಯಾಂಟಿನ ಜೊತೆಗೆ ಚಿಂತೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದ. ಗುಂಡಿಯ ಕಾಜಾಗಳನ್ನು ಮನೆಯಲ್ಲಿ ಹೆಂಡತಿ ಹೊಲಿಯುತ್ತಿದ್ದರು. ಅಂಗಡಿಯಿಂದ ಹೊರಬಿದ್ದ ಬಟ್ಟೆಯಲ್ಲಿ ಯಾರೂ ತಕರಾರು ಎತ್ತದ ಭಾಗ ಅದೊಂದೇ.

ಇಂಥ ಮಾಸ್ಟ್ರಿಗೆ ವೈದ್ಯಕೀಯ ಕಾಲೇಜಿನ ಮೊದಲ ವರ್ಷದವರ ಬಿಳಿ ಕೋಟುಗಳನ್ನು ಹೊಲಿಯುವ ಕೆಲಸ ಸಿಕ್ಕಿತು. ಕೋಟುಗಳು ಹೋದವು, ಹಿಂದೆಯೇ ದೂರುಗಳು ಬಂದವು. ತೋಳು ಎಷ್ಟು ಉದ್ದವಿತ್ತೆಂದರೆ ಭಾವಿ ವೈದ್ಯರಿಗೆ ಸ್ವಂತ ಕೈ ಹುಡುಕಿಕೊಳ್ಳುವುದೇ ದೊಡ್ಡ ರೋಗನಿದಾನವಾಗಿತ್ತು. ಹಾಗಾಗಿ ಒಂದು ಬೆಳಿಗ್ಗೆ ಮಾಸ್ಟ್ರು ಕೊರಳಿಗೆ ಟೇಪು ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಶರೀರಕ್ರಿಯಾ ಶಾಸ್ತ್ರದ ಪ್ರಯೋಗಾಲಯಕ್ಕೆ ಹೋದರು, ತೋಳು ಮಡಚಿ ಗುರುತು ಹಾಕಲು.

ಅಲ್ಲಿ ಅಂದು ರಕ್ತದ ಪ್ರಯೋಗ. ಉದ್ದುದ್ದ ಮೇಜುಗಳ ಮೇಲೆ ಹತ್ತಿ, ಸ್ಪಿರಿಟ್ಟು, ಚುಚ್ಚುವ ಮೊನೆಗಳು, ಒತ್ತುವ ಕಾಗದ, ಕೂದಲಿಗಿಂತ ತುಸುವೇ ದಪ್ಪ ಅನ್ನಿಸುವ ಗಾಜಿನ ನಳಿಕೆಗಳು. ಬೆರಳಿಗೆ ಚುಚ್ಚಿದರೆ ರಕ್ತ ಎಷ್ಟು ಹೊತ್ತು ಸುರಿಯುತ್ತದೆ, ಹೊರಗೆ ತೆಗೆದಿಟ್ಟ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ, ಇವೆರಡನ್ನು ಅಳೆಯಬೇಕು. ಒಬ್ಬರ ಬೆರಳನ್ನು ಇನ್ನೊಬ್ಬರು ಚುಚ್ಚಬೇಕು. ಮೂಲೆಯ ಮೇಜಿನ ಎತ್ತರದ ಹುಡುಗಿಗೆ ಮಾತ್ರ ಬೆರಳಿನ ಬರ ಬಂದಿತ್ತು. ಅವಳ ಜೊತೆಗಾತಿ ಸೂಜಿಯ ಪೊಟ್ಟಣ ಬಿಚ್ಚುವ ಸದ್ದಿಗೇ ಎಚ್ಚರ ತಪ್ಪಿ, ಪಠ್ಯಪುಸ್ತಕವನ್ನು ತಲೆಗಿಟ್ಟುಕೊಂಡು ಬೆಂಚಿನ ಮೇಲೆ ಮಲಗಿದ್ದಳು. ಆ ಪುಸ್ತಕ ಆ ವರ್ಷ ಅವಳಿಗೆ ಅಷ್ಟು ಹತ್ತಿರವಾದದ್ದು ಅದೇ ಮೊದಲು.

ಒಂದು ಬೆರಳು ಕೊಡ್ತೀರಾ ಮಾಸ್ಟ್ರೇ ಎಂದು ಹುಡುಗಿ ಕೇಳಿದಳು. ಮಾಸ್ಟ್ರು ಬಾಯಿಂದ ಗುಂಡುಸೂಜಿಗಳನ್ನು ತೆಗೆದರು, ಎದೆ ಸೆಟೆಸಿದರು.

"ಸೂಜಿಗೆ ಹೆದರೋನು ಹೊಲಿಗೆ ಅಂಗಡಿ ಯಾಕಮ್ಮ ಇಡ್ತಾನೆ. ಯಾವ ಬೆರಳು ಬೇಕೋ ಆರಿಸ್ಕೋ."

ಮೊದಲ ಪರೀಕ್ಷೆ ಸಲೀಸಾಗಿ ನಡೆಯಿತು. ಹುಡುಗಿ ಒಂದು ಬೆರಳಿಗೆ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಕಾಗದ ಒತ್ತಿದಳು. ಕಾಗದದ ಮೇಲೆ ಕೆಂಪು ಚುಕ್ಕೆಗಳು ಸಣ್ಣದಾಗುತ್ತ ಬಂದು, ಸ್ವಲ್ಪ ಹೊತ್ತಿಗೆ ಮಾಯವಾದವು. ಎರಡನೆಯದಕ್ಕೆ ಪಕ್ಕದ ಬೆರಳು. ಹೊಸ ಹನಿಗೆ ನಳಿಕೆ ತಾಗಿಸಿದಳು, ರಕ್ತ ತಾನಾಗಿ ಮೇಲೇರಿತು. ಇನ್ನು ನಳಿಕೆಯನ್ನು ತುದಿಯಿಂದ ಚೂರುಚೂರೇ ಮುರಿಯುತ್ತ ಹೋಗಬೇಕು. ಎರಡು ಚೂರಿನ ನಡುವೆ ಸಣ್ಣ ದಾರದಂಥ ಎಳೆ ಕಂಡರೆ ಹೆಪ್ಪುಗಟ್ಟಿತು ಎಂದರ್ಥ. ದಾರ ಎಂದಕೂಡಲೇ ಮಾಸ್ಟ್ರಿಗೆ ವಿಜ್ಞಾನ ತಮ್ಮ ಕಸುಬಿನ ದಾಯಾದಿ ಅನ್ನಿಸಿ, ಕತ್ತು ಚಾಚಿ ನೋಡಿದರು.

ಹುಡುಗಿ ಮುರಿದಳು. ದಾರವಿಲ್ಲ. ಮತ್ತೆ ಮುರಿದಳು. ಇಲ್ಲ. ನಳಿಕೆ ಮುಗಿಯಿತು. ಅದೇ ಡಬ್ಬಿಯಿಂದ ಇನ್ನೊಂದು ತೆಗೆದು ತುಂಬಿಸಿದಳು, ಅದೂ ಮುಗಿಯಿತು. ಅಕ್ಕಪಕ್ಕದ ಮೇಜಿನವರು ತಮ್ಮ ಕೆಲಸ ಮುಗಿಸಿ ಸುತ್ತ ನೆರೆದರು. ಮೊದಲು ಚುಚ್ಚಿದ ಬೆರಳೂ, ಆಮೇಲೆ ಚುಚ್ಚಿದ ಬೆರಳೂ ಅಷ್ಟರಲ್ಲಿ ಒಣಗಿ, ಮಾಸ್ಟ್ರು ಅವೇ ಬೆರಳುಗಳಿಂದ ಮೂಗು ಕೆರೆದುಕೊಳ್ಳುತ್ತಿದ್ದರು. ಆದರೆ ಬೆರಳನ್ನು ಯಾರೂ ವಿಚಾರಿಸಲಿಲ್ಲ. ವಿಜ್ಞಾನ ಇದ್ದದ್ದು ನಳಿಕೆಯಲ್ಲಿ.

ಪ್ರೊಫೆಸರಮ್ಮ ಮೀಟಿಂಗಿನಲ್ಲಿದ್ದರು. ಸಹಾಯಕ ಬೋಧಕ ಫೋನು ನೋಡುತ್ತ ಬಂದ, ನಳಿಕೆ ನೋಡಿದ, "ಹ್ಞೂಂ" ಎಂದ. ವೈದ್ಯರ ಬಾಯಲ್ಲಿ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ರಕ್ತದಲ್ಲಿ ಹೆಪ್ಪುಗಟ್ಟಿಸುವ ಯಾವುದೋ ಫ್ಯಾಕ್ಟರ್ ಇಲ್ಲದಿರಬಹುದು, ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ, ಅಲ್ಲಿಯವರೆಗೆ ಎಲ್ಲೂ ಗಾಯ ಮಾಡಿಕೊಳ್ಳಬೇಡಿ ಎಂದು ಹೇಳಿ, ಮತ್ತೆ ಫೋನು ನೋಡುತ್ತ ಹೊರಟುಹೋದ.

ಮಾಸ್ಟ್ರು ಎಚ್ಚರ ತಪ್ಪಿದವಳ ಕಾಲ ಬಳಿ ಬೆಂಚಿನ ತುದಿಯಲ್ಲಿ ಕುಸಿದು ಕೂತರು. ಆಗ ಒಂದು ಸಂಗತಿ ನಡೆಯಿತು. ಒಬ್ಬಳು ನೀರು ತಂದಳು. ಒಬ್ಬ ಫ್ಯಾನು ತಿರುಗಿಸಿದ. ಇನ್ನೊಬ್ಬ ದಿಂಬಿಲ್ಲದ್ದಕ್ಕೆ ತೋಳು ಸರಿಮಾಡಲು ಒಟ್ಟುಮಾಡಿದ್ದ ಕೋಟುಗಳ ಗಂಟನ್ನೇ ಅವರ ಬೆನ್ನಿಗೆ ಕೊಟ್ಟ. ಅವರು ನೀರು ಕುಡಿಯುವಾಗ ಇಡೀ ತರಗತಿ ಮಾತು ನಿಲ್ಲಿಸಿ ಲೋಟದ ಕಡೆ ನೋಡಿತು. ಮಾಸ್ಟ್ರಿಗೆ ಭಾವನ ನೆನಪಾಯಿತು, ಜೀವ ಮರಳಿ ಬಂತು.

ಮನೆಗೆ ಅವರು ತುಂಬಿದ ಬಿಂದಿಗೆ ಹೊತ್ತವರ ಹಾಗೆ ನಡೆದುಕೊಂಡು ಬಂದರು. ಹೆಂಡತಿ ತರಕಾರಿ ಹೆಚ್ಚುತ್ತಿದ್ದರು. ತಮ್ಮ ರಕ್ತದಲ್ಲಿ ಫ್ಯಾಕ್ಟರಿ ಇಲ್ಲವೆಂದೂ, ಬೇರೆಯವರಿಗೆಲ್ಲ ಅಲ್ಲೇ ದಾರ ತಯಾರಾಗುತ್ತದೆಂದೂ, ಒಂದು ಗೀರು ಬಿದ್ದರೆ ತಾವು ಖಾಲಿಯೆಂದೂ ಮಾಸ್ಟ್ರು ತಿಳಿಸಿದರು. ಹೆಂಡತಿ ಅವರ ಕೈ ಹಿಡಿದು ತಿರುಗಿಸಿ ನೋಡಿ, ರಕ್ತ ಎಲ್ಲಿದೆ, ನಿಂತಿದೆಯಲ್ಲ ಎಂದರು.

"ಹೊರಗಡೆ ನಿಂತಿದೆ ಕಣೇ. ಒಳಗಡೆ ನಿಂತಿಲ್ಲ."

ಹಾಗಾದರೆ ಆಸ್ಪತ್ರೆಗೆ ನಡೀರಿ ಎಂದರೆ ಅದಕ್ಕೂ ಮಾಸ್ಟ್ರ ಬಳಿ ಉತ್ತರವಿತ್ತು. ಅಲ್ಲಿ ಹೋದರೆ ಮತ್ತೆ ಚುಚ್ಚುತ್ತಾರೆ, ಗಾಯವೇ ಮಾಡಿಕೊಳ್ಳಬಾರದು ಎಂದು ಹೇಳಿಸಿಕೊಂಡು ಬಂದವನನ್ನು ಚುಚ್ಚಿಸಿಕೊಳ್ಳಲು ಕಳಿಸುತ್ತೀಯಾ ಎಂದರು. ಈ ತರ್ಕಕ್ಕೆ ಎದುರಾಡುವ ಹೆಂಡತಿ ಇನ್ನೂ ಹುಟ್ಟಿಲ್ಲ. ಆಕೆ ಚಾಕು ತೊಳೆದು ಮೇಲಿನ ಕಪಾಟಿಗಿಟ್ಟರು.

ಸುದ್ದಿ ಮೆಟ್ಟಿಲಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಳಗೇ ವಾಸವಿದ್ದ ಮನೆ ಒಡತಿ ಬಂದು, ಹಾಲಾಗಿದ್ದರೆ ಒಂದು ಚಮಚ ಮೊಸರು ಹಾಕಿ ಹೆಪ್ಪು ಹಾಕಬಹುದಿತ್ತು, ರಕ್ತಕ್ಕೆ ಏನು ಹಾಕಬೇಕೋ ಎಂದು ಕಣ್ಣೊರೆಸಿಕೊಂಡರು. ಹಾಗೆಯೇ, ಏನಾದರೂ ಹೆಚ್ಚುಕಮ್ಮಿಯಾದರೆ ದಯವಿಟ್ಟು ಬಚ್ಚಲುಮನೆಯಲ್ಲಿ ಆಗಲಿ, ಹಜಾರಕ್ಕೆ ಈಗಷ್ಟೇ ಸುಣ್ಣ ಹೊಡೆಸಿದ್ದೇನೆ ಎಂದೂ ಸೂಚಿಸಿದರು. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಮೆಟ್ಟಿಲಿನ ಕಂಬಿಗೆ, ಬಾಗಿಲಿನ ಅಂಚಿಗೆ, ಮೇಜಿನ ಮೂಲೆಗೆಲ್ಲ ಹಳೆಯ ಬಟ್ಟೆ ಸುತ್ತಿದರು. ಸರ್ಕಾರಿ ಕೆಲಸದಲ್ಲಿದ್ದಷ್ಟೂ ಕಾಲ ಅವರು ಇಷ್ಟು ಚುರುಕಾಗಿ ಒಂದು ಪಾರ್ಸಲನ್ನೂ ಕಟ್ಟಿರಲಿಲ್ಲ. ಕ್ಷೌರದಂಗಡಿಯವನು ಮಾಸ್ಟ್ರನ್ನು ಬಾಗಿಲಲ್ಲೇ ತಡೆದು, ನನಗೆ ಮಕ್ಕಳುಮರಿ ಇದ್ದಾರೆ ಎಂದು ಕೈಮುಗಿದ. ಅಲ್ಲಿಂದ ಮಾಸ್ಟ್ರಿಗೆ ಗಡ್ಡ ಬೆಳೆಯತೊಡಗಿತು. ಗಡ್ಡದಿಂದ ಮುಖಕ್ಕೆ ಕಾಯಿಲೆಗೆ ಒಪ್ಪುವಂಥ ಕಳೆ ಬಂತು.

ಕೊನೆಗೆ ಭಾವ ಬಂದರು, ಅತ್ತೆಯನ್ನೂ ಕರೆದುಕೊಂಡು. ಬಂದವರು ರೂಢಿಯಂತೆ ದಿಂಬಿನ ಕುರ್ಚಿಯ ಕಡೆ ನಡೆದರು. ಅದರಲ್ಲಿ ಮಾಸ್ಟ್ರು ಕೂತಿದ್ದರು.

ಭಾವ ಗಂಟಲು ಸರಿಮಾಡಿಕೊಂಡು, ಈ ವಾರ ತಮ್ಮ ಸಕ್ಕರೆ ಎಲ್ಲಿಗೆ ಏರಿದೆ ಗೊತ್ತೇ ಎಂದು ಶುರುಮಾಡಿದರು. ಮಾಸ್ಟ್ರು ಅರ್ಧಕ್ಕೇ ಕೈಯೆತ್ತಿದರು.

"ಸಕ್ಕರೆ ಬಿಡಿ ಭಾವ, ಈಗ ಯಾರಿಗಿಲ್ಲ. ನಮ್ಮ ಹಾಲಿನವನಿಗೂ ಇದೆ."

ಭಾವ ಕಲ್ಲಿನ ವಿಷಯ ತೆಗೆದರು. ಕಲ್ಲು ಗಟ್ಟಿ ಪದಾರ್ಥ, ಗಟ್ಟಿ ಪದಾರ್ಥಕ್ಕೆ ಹೆದರಬೇಕಾಗಿಲ್ಲ, ಗಟ್ಟಿಯಾಗದೇ ಇರುವುದಕ್ಕೆ ಹೆದರಬೇಕು ಎಂದು ಮಾಸ್ಟ್ರು ಬುದ್ಧಿ ಹೇಳಿದರು. ಅತ್ತೆ ಎದ್ದು ಬಂದು ಅಳಿಯನ ಬೆನ್ನ ಹಿಂದಿನ ದಿಂಬು ಸರಿಮಾಡಿದರು. ಭಾವ ಅಂದು ಮಾತ್ರೆ ನುಂಗದೆಯೇ ಎದ್ದು ಹೋದರು. ನುಂಗಿದ್ದರೂ ನೋಡುವವರು ಇರಲಿಲ್ಲ.

ಇಷ್ಟೆಲ್ಲ ವೈಭವದ ನಡುವೆ ಅಂಗಡಿ ಮುಚ್ಚಿತ್ತು. ಕಾಲೇಜಿನಿಂದ ವಾಪಸು ಬಂದ ಕೋಟುಗಳು ಗಂಟಿನಲ್ಲೇ ಇದ್ದವು. ಕತ್ತರಿ, ಸೂಜಿ, ಬ್ಲೇಡು ಇವೆಲ್ಲ ಮಾಸ್ಟ್ರಿಗೆ ನಿಷಿದ್ಧ. ಹಾಗಾಗಿ ಹೆಂಡತಿ ಒಂದು ದಿನ ಸೆರಗು ಸಿಕ್ಕಿಸಿಕೊಂಡು, ಬೀಗದ ಕೈ ಹಿಡಿದು, ತಾವೇ ಹೋಗಿ ಅಂಗಡಿ ತೆರೆದರು. ಮಾಸ್ಟ್ರು ನಕ್ಕರು. ಕಾಜಾ ಹೊಲಿಯುವುದು ಬೇರೆ, ಕತ್ತರಿ ಹಿಡಿಯುವುದು ಬೇರೆ ಎಂದು ಮೃದುವಾಗಿ ತಿಳಿಹೇಳಿ, ಬಾಗಿಲ ಪಕ್ಕದಲ್ಲಿ ಮೆತ್ತನೆಯ ಆಸನ ಹಾಕಿಸಿಕೊಂಡು ಕೂತರು. ಹೆಂಡತಿ ಎಡವಿದಾಗ ಸಲಹೆ ಕೊಡಬೇಕಲ್ಲ.

ಹೆಂಡತಿ ಎಡವಲಿಲ್ಲ. ತೋಳುಗಳು ಮಣಿಕಟ್ಟಿಗೆ ಬಂದು ನಿಂತವು. ಕೋಟಿನ ಜೇಬು ಇರಬೇಕಾದ ಜಾಗದಲ್ಲಿ ಇತ್ತು. ಗಿರಾಕಿಗಳು ಕನ್ನಡಿಯೆದುರು ನಿಂತು, ತಾವು ಏನೂ ಬದಲಾಗಿಲ್ಲ ಎಂಬ ಸಂತೋಷದಲ್ಲಿ ಹೊರಗೆ ಹೋಗುವಾಗ ಬಾಗಿಲ ಬಳಿಯ ರೋಗಿಗೆ, ನೀವು ಆರಾಮಾಗಿ ಇದ್ದುಬಿಡಿ ಮಾಸ್ಟ್ರೇ, ಅಂಗಡಿಯ ಯೋಚನೆ ಬೇಡವೇ ಬೇಡ ಎಂದು ಮನಸಾರೆ ಹೇಳಿ ಹೋಗುತ್ತಿದ್ದರು. ಎಷ್ಟೋ ಸಲ ಕೇಳಿದ ಮೇಲೆ ಮಾಸ್ಟ್ರಿಗೆ ಆ ಮಾತು ಎಲ್ಲೋ ಚುಚ್ಚತೊಡಗಿತು. ಒಂದೆರಡು ಸಲ ಯಾರೂ ನೋಡದಾಗ ಕತ್ತರಿ ಮುಟ್ಟಲು ಹೋದರು. ಹೆಂಡತಿ ತಲೆಯೆತ್ತದೆ, ಫ್ಯಾಕ್ಟರಿ ಎಂದರು. ಕೈ ಹಿಂದಕ್ಕೆ ಬಂತು.

ಈ ಬೇಸರವನ್ನು ಮರೆಸಲು ಬಂದವನು ಕಸುಬುದಾರರ ಸಂಘದ ಕಾರ್ಯದರ್ಶಿ. ಇಸ್ತ್ರಿ ಅಂಗಡಿಯವನು, ಮಾತಿನಲ್ಲೂ ಸುಕ್ಕು ಬಿಡದವನು. ಸಂಘದ ವಾರ್ಷಿಕ ಸಭೆಗೆ ಜನ ಬರುವುದು ನಿಂತೇಹೋಗಿತ್ತು. ಲೆಕ್ಕಪತ್ರ ಕೇಳಲು ಯಾರು ಬರುತ್ತಾರೆ. ಸಾವಿನ ಅಂಚಿನಲ್ಲಿರುವ ಮನುಷ್ಯನನ್ನು ನೋಡಲಾದರೆ ಬರುತ್ತಾರೆ ಎಂಬ ಒಳ್ಳೆಯ ಆಲೋಚನೆಯಿಂದ ಅವನು ಮಾಸ್ಟ್ರಿಗೆ ಸನ್ಮಾನ ಗೊತ್ತುಮಾಡಿದ. ಬೀದಿಯ ತುಂಬ ಭಿತ್ತಿಪತ್ರಗಳು ಅಂಟಿದವು. ಮೇಲೆ ಮಾಸ್ಟ್ರ ಗಡ್ಡದ ಮುಖ, ಕೆಳಗೆ 'ಹೆಪ್ಪುಗಟ್ಟದ ಧೀರ' ಎಂಬ ಬಿರುದು. ಮಾಸ್ಟ್ರು ದಿನಾ ಕಾರ್ಯದರ್ಶಿಯ ಮನೆಗೆ ಹೋಗಿ, ವೇದಿಕೆಯ ಮೇಲೆ ಹೇಗೆ ಬಳಲಿದಂತೆ ನಡೆಯಬೇಕೆಂದು ಅಭ್ಯಾಸ ಮಾಡಿಕೊಂಡು ಬಂದರು.

ಸಭೆಯ ದಿನ ಸಭಾಭವನ ಕಿಕ್ಕಿರಿದಿತ್ತು. ಮನೆ ಒಡತಿ, ಪೋಸ್ಟ್‌ಮಾಸ್ಟರು, ಕ್ಷೌರದವನು ಎಲ್ಲರೂ ಇದ್ದರು. ಮೊದಲ ಸಾಲಿನಲ್ಲಿ ಹೆಂಡತಿ, ಅವರ ಪಕ್ಕದಲ್ಲಿ ಭಾವ. ಭಾವ ಬಂದದ್ದು ಪ್ರೀತಿಯಿಂದಲ್ಲ, ಬರದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂಬ ಕಾರಣದಿಂದ. ಈ ಮನುಷ್ಯ ಸೂಜಿಯ ಮೊನೆಯಲ್ಲಿ ಪ್ರಾಣ ಇಟ್ಟುಕೊಂಡು ನಿಮ್ಮ ಗುಂಡಿಗಳನ್ನು ಹೊಲಿದಿದ್ದಾರೆ ಎಂದು ಕಾರ್ಯದರ್ಶಿ ಭಾಷಣ ಮಾಡಿದ. ಕೆಲವರು ತಮ್ಮ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಅವನು ತಟ್ಟೆಯಗಲದ ಒಂದು ಬಿಲ್ಲೆಯನ್ನು ಎತ್ತಿ ಮಾಸ್ಟ್ರ ಎದೆಗೆ ಸಿಕ್ಕಿಸಲು ಹೋದ. ಬಿಲ್ಲೆಯ ಪಿನ್ನು ಅದರ ಘನತೆಗೆ ತಕ್ಕಷ್ಟು ಉದ್ದವಿತ್ತು. ಬಟ್ಟೆಗೆ ಪಿನ್ನು ಚುಚ್ಚಲು ಇವನಿಗೇನು ಗೊತ್ತು ಎಂದು ಮಾಸ್ಟ್ರು ಕಸುಬಿನ ಅಭಿಮಾನದಿಂದ ತಾವೇ ಕೈಹಾಕಿದರು. ಪಿನ್ನು ನೇರವಾಗಿ ಹೆಬ್ಬೆರಳಿಗೆ ಇಳಿಯಿತು.

ಒಂದು ಹನಿ ಬಿಳಿ ಅಂಗಿಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು.

ಸಭೆ ಒಟ್ಟಿಗೆ ಎದ್ದು ನಿಂತಿತು. ಪೋಸ್ಟ್‌ಮಾಸ್ಟರು ಆಂಬುಲೆನ್ಸಿಗೆ ಫೋನು ಮಾಡಲು ಓಡಿದರು, ಅವಸರದಲ್ಲಿ ತಮ್ಮ ಮನೆಗೇ ಫೋನು ಮಾಡಿದರು. ಮನೆ ಒಡತಿ, ಪಾಪ, ಇಲ್ಲಿ ಆಯಿತಲ್ಲ ಸದ್ಯ ಎಂದು ನಿಟ್ಟುಸಿರು ಬಿಟ್ಟರು. ಕ್ಷೌರದವನು ಪಕ್ಕದವರಿಗೆ, ನಾನು ಅವತ್ತೇ ಕೈ ಹಾಕಲಿಲ್ಲ ನೋಡಿ ಎಂದು ಹೇಳಿಕೊಂಡ. ಮಾಸ್ಟ್ರಿಗೆ ಮಾತ್ರ ಎದುರಿಗಿದ್ದದ್ದೆಲ್ಲ ಮಸುಕಾಯಿತು. ಕಾಯಿಲೆಯ ಜೊತೆ ಇಷ್ಟು ದಿನ ಸುಖವಾಗಿ ಸಂಸಾರ ಮಾಡಿದ್ದರು, ಅದರಿಂದ ಸಾಯಲೂಬಹುದು ಎಂಬುದು ಈಗ ಹೊಳೆಯಿತು. ಅವರು ಮೈಕು ಹಿಡಿದರು. ಅಭ್ಯಾಸ ಮಾಡಿದ್ದೆಲ್ಲ ಮರೆತು ಹೆಂಡತಿಯ ಕಡೆ ತಿರುಗಿದರು.

"ಅಂಗಡಿ ಇನ್ನು ನಿಂದೇ ಕಣೇ. ನೀನು ನನಗಿಂತ ಚೆನ್ನಾಗಿ ಹೊಲೀತೀಯ. ಮುಂಚೇನೇ ಹೇಳಬೇಕಿತ್ತು, ಹೇಳಲಿಲ್ಲ."

ಹೆಂಗಸರು ಬಿಕ್ಕಿದರು. ಗಂಡಸರು ಬೇರೆ ಕಡೆ ನೋಡಿದರು. ಹೆಂಡತಿ ಮೆಟ್ಟಿಲೇರಿ ಬಂದು, ಒಂದು ಬಿಳಿ ಬಟ್ಟೆಯ ಚೂರನ್ನು ಕೈಗಿತ್ತು, ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ ಎಂದಷ್ಟೇ ಹೇಳಿದರು. ಆಕೆಯ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಇದನ್ನು ಜನ ಧೈರ್ಯ ಎಂದು ತಿಳಿದು ಮೆಚ್ಚಿಕೊಂಡರು.

ಕಾರ್ಯದರ್ಶಿ ಸಮಯ ಕಳೆಯುವವನಲ್ಲ. ಮಾಸ್ಟ್ರ ಕೈಯನ್ನು ಸಭೆಯ ಕಡೆ ಎತ್ತಿ ಹಿಡಿದು, ನೋಡಿ ಮಹನೀಯರೇ, ನಿಲ್ಲುವುದೆಂಬುದನ್ನೇ ಅರಿಯದ ರಕ್ತ ಎಂದು ಭಾಷಣ ಮುಂದುವರಿಸಿದ. ಜನ ನೋಡಿದರು. ಬಟ್ಟೆಯ ಮೇಲಿನ ಮೊದಲ ಕಲೆ ದೊಡ್ಡದಿತ್ತು, ಪಕ್ಕದಲ್ಲಿ ಒತ್ತಿದ್ದು ಅದಕ್ಕಿಂತ ಚಿಕ್ಕದು, ಆಮೇಲಿನದು ಬರೀ ಚುಕ್ಕೆ. ಭಾಷಣ ಸಾಗಿತ್ತು. ಮೊದಲ ಸಾಲಿನಲ್ಲಿ ಭಾವ ಕೈಗಡಿಯಾರದಿಂದ ಕಣ್ಣೆತ್ತಿ, ಶಾಂತವಾದ ಧ್ವನಿಯಲ್ಲಿ ಹೇಳಿದರು:

"ನಿಂತಿದೆಯಲ್ಲ."

ಕಾರ್ಯದರ್ಶಿ ಹೆಬ್ಬೆರಳನ್ನು ಹತ್ತಿರಕ್ಕೆ ತಂದು ನೋಡಿದ. ಇನ್ನೂ ಸ್ವಲ್ಪ ಬರಬಹುದು, ತಾಳ್ಮೆಯಿರಲಿ ಎಂದು ಜನರಿಗೆ ಹೇಳಿ ಮೆಲ್ಲಗೆ ಹಿಂಡಿದ. ಬರಲಿಲ್ಲ. ಮಾಸ್ಟ್ರೂ ಕಣ್ಣು ಒರೆಸಿಕೊಂಡು ತಮ್ಮ ಬೆರಳನ್ನು ನೋಡಿದರು. ತಾವು ಬದುಕಿದ್ದೇವೆ ಎಂದು ಅವರಿಗೆ ಖಾತ್ರಿಯಾಯಿತು, ಆದರೆ ಅದಕ್ಕಾಗಿ ಸಂತೋಷಪಟ್ಟವರು ಆ ಸಭಾಭವನದಲ್ಲಿ ಇಬ್ಬರಿಗಿಂತ ಹೆಚ್ಚಿದ್ದಂತೆ ಕಾಣಲಿಲ್ಲ. ಒಬ್ಬ ಮನುಷ್ಯ ಸಾಯದೇ ಉಳಿದಾಗ ಜನ ಇಷ್ಟು ಮೋಸ ಹೋದವರಂತೆ ಮನೆಗೆ ಹೋದದ್ದು ಅಪರೂಪ. ಪೋಸ್ಟ್‌ಮಾಸ್ಟರು, ಹಾಗಾದರೆ ನನ್ನ ಹಳೆ ಬಟ್ಟೆಗಳನ್ನು ಬಿಚ್ಚಿಕೊಳ್ಳುತ್ತೇನೆ ಎಂದರು. ಕಾರ್ಯದರ್ಶಿ ಬಿಲ್ಲೆ ವಾಪಸು ಕೇಳಿದ, ಮುಂದಿನ ವರ್ಷ ಯಾರಾದರೂ ಸರಿಯಾದವರು ಸಿಗಬಹುದು ಎಂದ.

ಗಂಡಹೆಂಡಿರು ಮನೆಯ ಕಡೆ ನಡೆದರು. ದಾರಿಯಲ್ಲಿ ಹೆಂಡತಿ ವಿಷಯ ಹೇಳಿದರು. ಆ ಎತ್ತರದ ಹುಡುಗಿ ಕೋಟು ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಿದ್ದಳು, ಇವರು ನಡಿಗೆಯ ಅಭ್ಯಾಸಕ್ಕೆ ಹೋಗಿದ್ದಾಗ. ಪ್ರೊಫೆಸರಮ್ಮ ಬೈದು ಕಳಿಸಿದ್ದರಂತೆ. ಅವತ್ತು ಬಳಸಿದ ನಳಿಕೆಗಳು ಬೇರೆ ಪ್ರಯೋಗದ ಡಬ್ಬಿಯವು. ಅವುಗಳ ಒಳಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಬಳಿದಿರುತ್ತದಂತೆ. ಅದರಲ್ಲಿ ಯಾರ ರಕ್ತ ಹಾಕಿದರೂ ಅಷ್ಟೇ. ನಿಮ್ಮ ಯಜಮಾನರು ಚೆನ್ನಾಗಿದ್ದಾರೆ ಎಂದು ಹುಡುಗಿ ಅತ್ತು ಕ್ಷಮೆ ಕೇಳಿ ಹೋಗಿದ್ದಳು.

ಮಾಸ್ಟ್ರು ನಿಂತುಬಿಟ್ಟರು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಕಾಯಿಲೆ ಬಂದ್ಮೇಲೆ ನೀವು ಎಷ್ಟು ಖುಷಿಯಾಗಿದ್ರಿ," ಎಂದರು ಹೆಂಡತಿ. "ನಾನೂ ಖುಷಿಯಾಗಿದ್ದೆ. ಮಧ್ಯೆ ನಿಮ್ಮ ಆರೋಗ್ಯದ ಸುದ್ದಿ ಯಾಕೆ ಅಂತ ಸುಮ್ಮನಾದೆ."

ಅಂಗಡಿಯ ಮಾತು ಗಾಬರಿಯಲ್ಲಿ ಬಂದದ್ದು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಮಾಸ್ಟ್ರು ಮೆಲ್ಲಗೆ ತೆಗೆದರು. ಮೈಕಿನಲ್ಲಿ ಹೇಳಿದ್ದೀರಿ, ಇಡೀ ಊರು ಕೇಳಿದೆ, ಇನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಇದ್ದರೆ ಜನ ಏನಂದಾರು ಎಂದು ಹೆಂಡತಿ ಮುಂದೆ ನಡೆದರು.

ಈಗ ಅಂಗಡಿಯಲ್ಲಿ ಎರಡು ಮಷೀನುಗಳಿವೆ. ದೊಡ್ಡದರ ಮೇಲೆ ಹೆಂಡತಿ. ಬಾಗಿಲ ಪಕ್ಕದ ಚಿಕ್ಕದರ ಮೇಲೆ ಮಾಸ್ಟ್ರು, ಅಂಚು ಮಡಚುವುದು, ಸಡಿಲ ಮಾಡುವುದು ಅವರ ಪಾಲಿಗೆ. ಅಳತೆ ತೆಗೆಯುವುದು ಹೆಂಡತಿ, ಬರೆದುಕೊಳ್ಳುವುದೂ ಹೆಂಡತಿ. ಮಾಸ್ಟ್ರು ಹೊಲಿದ ಅಂಚು ಈಚೆಗೆ ನೇರವಾಗಿ ಬರುತ್ತಿದೆ ಎಂದು ಹೆಂಡತಿ ಒಮ್ಮೆ ಹೇಳಿದರಂತೆ. ಅಂದು ಮಾಸ್ಟ್ರು ಮಷೀನು ಬಿಟ್ಟು ಊಟಕ್ಕೆ ತಡವಾಗಿ ಎದ್ದರು.

ಒಂದು ಮಧ್ಯಾಹ್ನ ಭಾವ ಬಂದರು. ಹೊಸ ಮಾತ್ರೆ ಶುರುವಾದ ಮೇಲೆ ಸೊಂಟ ಹಿಗ್ಗಿದೆ, ಪ್ಯಾಂಟು ಸ್ವಲ್ಪ ಸಡಿಲ ಆಗಬೇಕು ಎಂದು ತಂಗಿಯ ಕೈಗೆ ಕೊಟ್ಟರು. ತಂಗಿ ಅದನ್ನು ಗಂಡನ ಮಷೀನಿನ ಮೇಲಿಟ್ಟರು. ಮಾಸ್ಟ್ರು ಎದ್ದು ತಮ್ಮ ಕುರ್ಚಿಯನ್ನೇ ಭಾವನಿಗೆ ಕೊಟ್ಟು, ಸ್ಟೂಲಿನ ಮೇಲೆ ಕೂತು, ಹೊಲಿಗೆ ಬಿಚ್ಚತೊಡಗಿದರು. ಭಾವ ಮಾತ್ರೆ ತೆಗೆದರು. ಮಾಸ್ಟ್ರು ಕೆಲಸ ನಿಲ್ಲಿಸಿ ನೀರು ತಂದುಕೊಟ್ಟು, ಲೋಟ ಖಾಲಿಯಾಗುವ ತನಕ ನೋಡುತ್ತ ನಿಂತರು. ಭಾವನ ಮನಸ್ಸು ಕರಗಿತು. ಲೋಟ ಕೆಳಗಿಟ್ಟು ಅವರು ಮಾಸ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ನಿಮಗೂ ವಯಸ್ಸಾಗ್ತಾ ಬಂತು. ಇವತ್ತಲ್ಲ ನಾಳೆ ಏನಾದ್ರೂ ಬಂದೇ ಬರುತ್ತೆ."

ಮಾಸ್ಟ್ರು ಪ್ಯಾಂಟಿನಿಂದ ತಲೆಯೆತ್ತಿದರು.

"ಬರುತ್ತೆ ಅಂತೀರಾ ಭಾವ?"